ಇಬ್ಬರು ತಮ್ಮಣ್ಣರು, ಒಂದೇ ಪಾರಿಜಾತ

ಇಳಯರಾಜಾ ಅವರ 'ವ್ಯಾಲಿಯಂಟ್' ಸಿಂಫನಿ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ನುಡಿದಾಗ ಅವರಿಗೆ 81 ವರ್ಷ. ಇದೇ ಮನುಷ್ಯ ಒಂದು ಕಾಲಕ್ಕೆ ಜಿ.ಕೆ. ವೆಂಕಟೇಶ್ ಅವರ ಸಹಾಯಕ. ಕನ್ನಡ ಸಿನಿಮಾ ಹಾಡುಗಳ ಹಿಂದೆ ದುಡಿದವರು. ಬೇರೆಯವರ ಹಾಡಿಗೆ ಯಾವ ವಾದ್ಯ ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಹೊಂದಿಸುವ ಅರೇಂಜರ್‌ನ ಹೆಸರು ಬೆಳಕಿಗೆ ಬರೋದೇ ಅಪರೂಪ.

ಸ್ಟುಡಿಯೋ, ಆಲ್ಬಂ ಇವೆಲ್ಲ ಬರುವ ಎಷ್ಟೋ ಮೊದಲು ಗೋಕಾಕ ಸೀಮೆಯಲ್ಲಿ ಅಂಥವನೊಬ್ಬನಿದ್ದ: ಕುಲಗೋಡ ತಮ್ಮಣ್ಣ. ಕುಲಗೋಡ ಮೊದಲು ಗೋಕಾಕ ತಾಲ್ಲೂಕು, ಈಗ ಮೂಡಲಗಿ ತಾಲ್ಲೂಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಬೆಳತನಕ ನಡೆಯುವ 'ಶ್ರೀಕೃಷ್ಣ ಪಾರಿಜಾತ'ಕ್ಕೆ ಇವತ್ತಿನ ರೂಪ ಕೊಟ್ಟವನು ಇವನೇ.

ಗೊಂದಲ ಶುರುವಾಗೋದು ಹೆಸರಿನಿಂದ. ಪಾರಿಜಾತದ ಮೂಲ ಕೃತಿ ರಾಯಚೂರು ಕಡೆಯ ಅಪರಾಳ ತಮ್ಮಣ್ಣನದು. ಅದನ್ನು ತಿದ್ದಿ, ಹಾಡು ಕೂಡಿಸಿ, ಅಂಗಳದ ಆಟಕ್ಕೆ ಹೊಂದಿಸಿದವನು ಕುಲಗೋಡದ ತಮ್ಮಣ್ಣ. ಎರಡು ಊರು, ಇಬ್ಬರು ಕವಿಗಳು, ಒಂದೇ ಹೆಸರು. ಹೀಗಾಗಿ ಒಬ್ಬರ ಕೆಲಸ ಇನ್ನೊಬ್ಬರ ಲೆಕ್ಕಕ್ಕೆ ಬೀಳೋದು ಸುಲಭ. ಸಾಮಾನ್ಯವಾಗಿ ನಷ್ಟ ಎರಡನೆಯವನಿಗೆ. "ಬರೆದವ ಅವನು, ಇವನೇನು ಮಾಡ್ಯಾನ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ಮಾಡಿದ್ದೇನು ಅಂತ ಆಟ ನೋಡಿದರೆ ತಿಳಿಯುತ್ತೆ. ಕಥೆ ಚಿಕ್ಕದು. ನಾರದ ತಂದ ಪಾರಿಜಾತ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಮುನಿಸು ತಿಳಿಸಲು ಕೃಷ್ಣ ಕೊರವಂಜಿ ವೇಷದಲ್ಲಿ ಬರುತ್ತಾನೆ. ಇಷ್ಟನ್ನೇ ಇಡೀ ರಾತ್ರಿ ಹಿಡಿದಿಡಬೇಕು ಅಂದರೆ ಹಾಡೇ ಆಧಾರ. ಅದಕ್ಕೇ ಪುರಾಣದ ಕಥೆಯಾದರೂ ಪಾರಿಜಾತ ದೊಡ್ಡಾಟವಲ್ಲ, ಸಣ್ಣಾಟ. ಭಾರೀ ಕಿರೀಟ, ಯುದ್ಧದ ಕುಣಿತ ಇಲ್ಲ. ಹಿಂದೂಸ್ತಾನಿ ರಾಗದ ನೆರಳಿರುವ ಪದಗಳು, ಮೇಳದ ದನಿ, ಹಾರ್ಮೋನಿಯಂ, ತಬಲಾ. ನಡುನಡುವೆ ಭಾಗವತನಿಗೂ ದೂತಿಗೂ ಮಾತಿನ ಜಟಾಪಟಿ. ಸತ್ಯಭಾಮೆಯ ವಿರಹದ ಪದಕ್ಕೆ ಕಣ್ಣು ತುಂಬಿಕೊಂಡವರು ಮರುಗಳಿಗೆ ದೂತಿಯ ಮಾತಿಗೆ ಬಿದ್ದು ಬಿದ್ದು ನಗುತ್ತಾರೆ. ಶಾಸ್ತ್ರೀಯ, ಜಾನಪದ, ಗ್ರಾಂಥಿಕ ಕನ್ನಡ, ಆಡುಮಾತು ಎಲ್ಲ ಒಂದೇ ಚಪ್ಪರದಡಿ. ನನ್ನ ಮಟ್ಟಿಗೆ ಈ ಹದ ಹಿಡಿಯೋದು ಹೊಸ ಪದ ಕಟ್ಟುವಷ್ಟೇ ಕಷ್ಟದ ಕೆಲಸ.

ಕೆಲಸ ಅವನೊಬ್ಬನಿಗೇ ನಿಲ್ಲಲಿಲ್ಲ. ಕೌಜಲಗಿ ನಿಂಗಮ್ಮ ಬಂದ ಮೇಲೆ ಪಾರಿಜಾತಕ್ಕೆ ಇನ್ನೊಂದು ವಿಳಾಸ ಸಿಕ್ಕಿತು. ಪುಸ್ತಕದಲ್ಲಿದ್ದ ಪದ ಜನರ ಕಿವಿಯಲ್ಲಿ ಉಳಿದಿದ್ದು ಇಂಥ ಕಲಾವಿದೆಯರಿಂದ. ಅವರನ್ನು ಬರೀ 'ಪಾತ್ರಧಾರಿ' ಅಂತ ಕರೆಯೋದು ಸಣ್ಣ ಮಾತಾಗುತ್ತೆ. ಅದೇ ಪದವನ್ನು ಒಬ್ಬೊಬ್ಬರು ಎಳೆಯುವ, ನಿಲ್ಲಿಸುವ ರೀತಿ ಬೇರೆ. ಅದೂ ಸಂಯೋಜನೆಯೇ.

ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಇಂಥ ಹಾಡು ಮೊಬೈಲಿನಲ್ಲೂ ಕೇಳಸಿಗುತ್ತವೆ. ಹಾಡಿನ ಕೆಳಗೆ 'ಜಾನಪದ' ಅಂತ ಒಂದೇ ಪದ ಹಾಕಿಬಿಟ್ಟರೆ ಕಟ್ಟಿದವನೂ ಹೋದ, ಹೊಂದಿಸಿದವನೂ ಹೋದ, ಹಾಡಿದವಳೂ ಹೋದಳು. ಪಾರಿಜಾತದ ಮಟ್ಟಿಗೆ ಆ ಜಾಗದಲ್ಲಿ ಎರಡು ಊರಿನ ಹೆಸರು ಬೇಕು: ಅಪರಾಳ, ಕುಲಗೋಡ. ಜೊತೆಗೆ ಆ ರಾತ್ರಿ ಹಾಡಿದವರದ್ದು.