ಭಿನ್ನಮತವೂ ಬುದ್ಧಿಭ್ರಮೆಯೂ

ಸಾಲ ತೀರಿಸಿಲ್ಲವೆಂಬ ಆರೋಪ ಬಂದಾಗ ಮನುಷ್ಯನು ರಸೀದಿಯನ್ನು ಮುಂದಿಡಬಲ್ಲನು. ಕಳವಿನ ಆರೋಪಕ್ಕೆ ಸಾಕ್ಷಿಗಳನ್ನು ಕರೆಯಬಲ್ಲನು. ಆದರೆ ಬುದ್ಧಿ ಕೆಟ್ಟಿದೆಯೆಂಬ ಆರೋಪಕ್ಕೆ ಏನನ್ನು ಮುಂದಿಡಬೇಕು? ಸಿಟ್ಟಾದರೆ ಅದು ರೋಗಲಕ್ಷಣ. ಮೌನವಾಗಿದ್ದರೆ ಅದೂ ಲಕ್ಷಣ. ರೋಗವಿಲ್ಲವೆಂದು ವಾದಿಸಿದರಂತೂ ಅದೇ ಎಲ್ಲಕ್ಕಿಂತ ದೊಡ್ಡ ಲಕ್ಷಣ. ಈ ಸಂಕಟವನ್ನು ಸ್ವತಃ ಅನುಭವಿಸಿ, ಮುಂದಿನವರಿಗಾಗಿ ಕಾನೂನಿನ ರಕ್ಷಣೆಯನ್ನು ದೊರಕಿಸಿಕೊಟ್ಟವರಲ್ಲಿ ಅಮೆರಿಕದ ಎಲಿಜಬೆತ್ ಪ್ಯಾಕರ್ಡ್ ಅವರ ಹೆಸರು ಸ್ಮರಣೀಯವಾದುದು.

1816ರಲ್ಲಿ ಜನಿಸಿದ ಎಲಿಜಬೆತ್ 1839ರಲ್ಲಿ ಥಿಯೋಫಿಲಸ್ ಪ್ಯಾಕರ್ಡ್ ಎಂಬ ಕ್ರೈಸ್ತ ಧರ್ಮೋಪದೇಶಕರನ್ನು ವಿವಾಹವಾದರು. ಆರು ಮಕ್ಕಳ ತಾಯಿಯಾದರು. ಕುಟುಂಬವು ಇಲಿನಾಯ್ ರಾಜ್ಯದ ಮಂಟೀನೊ ಎಂಬ ಊರಿನಲ್ಲಿ ನೆಲೆಸಿತು. ಮನುಷ್ಯನು ಹುಟ್ಟಿನಿಂದಲೇ ಸಂಪೂರ್ಣ ಪಾಪಿಯೆಂಬುದು ಪತಿಯ ಸಿದ್ಧಾಂತ. ಪತ್ನಿಗೆ ಅದು ಒಪ್ಪಿಗೆಯಾಗಲಿಲ್ಲ. ಚರ್ಚಿನ ಬೈಬಲ್ ತರಗತಿಯಲ್ಲಿ ಆಕೆ ತಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಮನೆಯ ಮತಭೇದವು ಸಭೆಯ ಮುಂದೆ ಬಂದುದನ್ನು ಪತಿಯು ಸಹಿಸದಾದನು.

ಇಲಿನಾಯ್ ರಾಜ್ಯದ 1851ರ ಕಾನೂನು ಅವನಿಗೆ ಅನುಕೂಲವಾಗಿಯೇ ಇತ್ತು. ಇತರರನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಸಾಕ್ಷ್ಯ ಬೇಕಾಗಿತ್ತು. ವಿವಾಹಿತ ಸ್ತ್ರೀಯನ್ನು ಸೇರಿಸಲು ಮಾತ್ರ ಗಂಡನ ಕೋರಿಕೆ ಮತ್ತು ಆಸ್ಪತ್ರೆಯ ಮುಖ್ಯಸ್ಥನ ಒಪ್ಪಿಗೆ ಸಾಕಾಗಿದ್ದವು. 1860ರ ಜೂನ್ 18ರಂದು, ಅದೇ ಚರ್ಚಿಗೆ ಸೇರಿದ ಇಬ್ಬರು ವೈದ್ಯರು ಆಕೆಯ ನಾಡಿ ಹಿಡಿದು ನೋಡಿದ ಬಳಿಕ, ಆಕೆಯನ್ನು ಬಲವಂತವಾಗಿ ಜಾಕ್ಸನ್‌ವಿಲ್ ಹುಚ್ಚಾಸ್ಪತ್ರೆಗೆ ಸಾಗಿಸಲಾಯಿತು. ಅಲ್ಲಿನ ಮುಖ್ಯಸ್ಥ ಡಾ. ಆಂಡ್ರ್ಯೂ ಮ್ಯಾಕ್‌ಫರ್ಲಂಡ್ ಪತಿಯ ಮಾತನ್ನೇ ಎತ್ತಿಹಿಡಿದರು. ಮೂರು ವರ್ಷ ಕಳೆದವು.

1863ರಲ್ಲಿ, ಗುಣವಾಗದ ರೋಗಿಯೆಂಬ ಹಣೆಪಟ್ಟಿಯೊಡನೆ ಆಕೆಯನ್ನು ಹೊರಗೆ ಕಳುಹಿಸಿದರು. ಮನೆಗೆ ಮರಳಿದಾಗ ಪತಿಯು ಕೋಣೆಯೊಂದರಲ್ಲಿ ಕೂಡಿಹಾಕಿ ಕಿಟಕಿಗಳಿಗೆ ಮೊಳೆ ಹೊಡೆಸಿದನು. ಆಕೆ ಹೊರಗೆಸೆದ ಚೀಟಿಯೊಂದು ಸ್ನೇಹಿತರ ಕೈಸೇರಿತು. ಆಗ ವಿಚಿತ್ರವೊಂದು ಗೋಚರವಾಯಿತು: ಹೆಂಡತಿಯನ್ನು ಆಸ್ಪತ್ರೆಯಲ್ಲಿಡಲು ಅನುಮತಿಸಿದ ಕಾನೂನು ಮನೆಯಲ್ಲಿ ಕೂಡಿಹಾಕಲು ಅನುಮತಿಸಿರಲಿಲ್ಲ. ಹೇಬಿಯಸ್ ಕಾರ್ಪಸ್ ಆಜ್ಞೆಯಂತೆ ಪತಿಯು ಆಕೆಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕಾಯಿತು.

1864ರ ಜನವರಿಯಲ್ಲಿ ಕಂಕಾಕೀ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ಹೊಲಿಗೆಯಂತ್ರ ಮಾರುವವನ ಸೋಗಿನಲ್ಲಿ ಆಕೆಯನ್ನು ಪರೀಕ್ಷಿಸಿದ್ದ ವೈದ್ಯನೊಬ್ಬನು ಬುದ್ಧಿಭ್ರಮೆಗೆ ಕಾರಣಗಳ ಪಟ್ಟಿಯನ್ನೇ ಒಪ್ಪಿಸಿದನು. ತನ್ನನ್ನು ಹುಚ್ಚಿಯೆಂದು ಕರೆಯುವುದು ಆಕೆಗೆ ಇಷ್ಟವಿಲ್ಲವೆಂಬುದೂ ಅದರಲ್ಲೊಂದು ಕಾರಣ! ಆದರೆ ಧರ್ಮಶಾಸ್ತ್ರವನ್ನೂ ಬಲ್ಲ ಇನ್ನೊಬ್ಬ ವೈದ್ಯ ಡಾ. ಡಂಕನ್‌ಸನ್, ಆಕೆಯ ಅನೇಕ ವಿಚಾರಗಳು ತಮಗೆ ಸಮ್ಮತವಲ್ಲ, ಆದರೂ ತಮಗಿಂತ ಭಿನ್ನವಾಗಿ ಯೋಚಿಸುವವರನ್ನು ಹುಚ್ಚರೆಂದು ಕರೆಯಲಾರೆವು ಎಂದು ಸಾಕ್ಷ್ಯ ನುಡಿದರು. ಜ್ಯೂರಿಯವರು ಕೇವಲ 7 ನಿಮಿಷಗಳಲ್ಲಿ ಆಕೆಯ ಬುದ್ಧಿ ಸ್ವಸ್ಥವಾಗಿದೆಯೆಂದು ತೀರ್ಪಿತ್ತರು. ಮೂರು ವರ್ಷಗಳ ಬಂಧನಕ್ಕೆ ಇದ್ದ ಆಧಾರ ಅಷ್ಟು ಹಗುರವಾದುದು.

ಗೆದ್ದ ಆಕೆಗೆ ಮನೆಯೇ ಉಳಿದಿರಲಿಲ್ಲ. ಪತಿಯು ಮನೆಯನ್ನು ಬಾಡಿಗೆಗೆ ಕೊಟ್ಟು, ಮಕ್ಕಳನ್ನು ಕರೆದುಕೊಂಡು ಮ್ಯಾಸಚೂಸೆಟ್ಸ್‌ಗೆ ತೆರಳಿದ್ದನು. ಆಕೆ ತಮ್ಮ ಅನುಭವಗಳನ್ನು ಬರೆದು, ಆ ಪುಸ್ತಕಗಳನ್ನು ತಾವೇ ಮಾರಿ ಜೀವನ ಸಾಗಿಸಿದರು. ರಾಜ್ಯದಿಂದ ರಾಜ್ಯಕ್ಕೆ ಹೋಗಿ ಶಾಸಕರನ್ನು ಕಂಡರು. ಜ್ಯೂರಿಯ ವಿಚಾರಣೆಯಿಲ್ಲದೆ ಯಾರನ್ನೂ ಹುಚ್ಚಾಸ್ಪತ್ರೆಯಲ್ಲಿ ಇರಿಸಕೂಡದೆಂಬ ಕಾನೂನು 1867ರಲ್ಲಿ ಇಲಿನಾಯ್‌ನಲ್ಲಿ ಬಂದಿತು. ನಿಜವಾಗಿ ಪೀಡಿತರಾದವರನ್ನು ಅಪರಾಧಿಗಳಂತೆ ಜನರೆದುರು ನಿಲ್ಲಿಸುವ ಈ ಕ್ರಮವನ್ನು ಅನೇಕ ವೈದ್ಯರು ಟೀಕಿಸಿದರು. ಆ ಟೀಕೆಯಲ್ಲಿಯೂ ಸತ್ಯಾಂಶವಿತ್ತು. ತನಗೋ ಪರರಿಗೋ ಪ್ರಾಣಾಪಾಯ ತಂದುಕೊಳ್ಳುವ ಸ್ಥಿತಿಯಲ್ಲಿರುವವನನ್ನು ತಡೆದು ಆರೈಕೆ ಮಾಡುವುದು ಕರುಣೆಯೇ ಹೊರತು ಹಿಂಸೆಯಲ್ಲ. ಆದರೆ ಕರುಣೆಯ ಹೆಸರಿನಲ್ಲಿ ಕೊಟ್ಟ ಅಧಿಕಾರಕ್ಕೆ ಲೆಕ್ಕ ಕೇಳುವವರಿಲ್ಲದಿದ್ದರೆ ಅದು ಬಲಿಷ್ಠನ ಆಯುಧವಾಗುತ್ತದೆ.

ಭಾರತದ 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಈ ಎರಡನ್ನೂ ತೂಗಿ ನೋಡಿದೆ. ತಾನೇ ನಿರ್ಧರಿಸಲಾರದ ಸ್ಥಿತಿಯಲ್ಲಿರುವ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮೊದಲ ಅವಧಿ 30 ದಿನಗಳನ್ನು ಮೀರಕೂಡದು. ಪುನರ್ವಿಮರ್ಶಾ ಮಂಡಳಿಗೆ ಸ್ತ್ರೀಯರ ಮತ್ತು ಅಪ್ರಾಪ್ತರ ವಿಷಯದಲ್ಲಿ 3 ದಿನಗಳೊಳಗೆ, ಇತರರ ವಿಷಯದಲ್ಲಿ 7 ದಿನಗಳೊಳಗೆ ತಿಳಿಸಬೇಕು. ರೋಗಿಯು ಆ ಮಂಡಳಿಯಲ್ಲಿ ಆಕ್ಷೇಪ ಸಲ್ಲಿಸಬಹುದು. ಸಮಾಜದ ನೈತಿಕ ಮೌಲ್ಯಗಳನ್ನೋ ಧಾರ್ಮಿಕ ನಂಬಿಕೆಗಳನ್ನೋ ಒಪ್ಪದಿರುವುದನ್ನೇ ಮಾನಸಿಕ ರೋಗವೆಂದು ನಿರ್ಣಯಿಸಕೂಡದೆಂದು ಅದರ 3ನೆಯ ಕಲಮು ಸ್ಪಷ್ಟವಾಗಿ ವಿಧಿಸಿದೆ. ಈ ಒಂದು ವಾಕ್ಯವು 1860ರ ಇಲಿನಾಯ್‌ನಲ್ಲಿದ್ದಿದ್ದರೆ ಆರು ಮಕ್ಕಳು ತಾಯಿಯಿಂದ ಅಗಲುತ್ತಿರಲಿಲ್ಲ.

ಕಾನೂನು ಆಸ್ಪತ್ರೆಯ ಬಾಗಿಲನ್ನು ಕಾಯಬಲ್ಲದು. ಮನೆಯೊಳಗಿನ ನಾಲಿಗೆಯನ್ನು ಕಾಯಲಾರದು. ಆಸ್ತಿ ವಿಭಾಗದ ವೇಳೆಯಲ್ಲಿ ತಮ್ಮನನ್ನೋ, ಎದುರುತ್ತರ ಕೊಟ್ಟ ಸೊಸೆಯನ್ನೋ ತಲೆ ಕೆಟ್ಟವರೆಂದು ಹೇಳಿಬಿಡುವುದು ಸುಲಭ. ಆ ಮಾತನ್ನು ಸುಳ್ಳೆಂದು ತೋರಿಸುವ ಹೊಣೆ ಮಾತ್ರ, ಯಾರ ಮಾತಿಗೆ ಈಗಾಗಲೇ ಬೆಲೆಯಿಲ್ಲದಂತಾಗಿದೆಯೋ ಅವರ ಮೇಲೆಯೇ ಬೀಳುತ್ತದೆ. ಆದುದರಿಂದ ಅಂಥ ಮಾತನ್ನು ಆಡುವವನು ಮೊದಲು ತನ್ನ ಮನಸ್ಸಿನಲ್ಲಿರುವುದು ಅವರ ಹಿತವೋ ತನ್ನ ಅನುಕೂಲವೋ ಎಂದು ಪರೀಕ್ಷಿಸಿಕೊಳ್ಳತಕ್ಕದ್ದು. ಕೇಳುವವನು ಮತ್ತೊಂದು ಪಕ್ಷವನ್ನೂ ಕೇಳದೆ ಅದನ್ನು ನಂಬಕೂಡದು.