ಹಾವಿನ ಬಣ್ಣಕ್ಕೆ ಬೆಲೆ ಕಟ್ಟಿದ್ದು ಯಾರು?

ಇವತ್ತಿನ ಕಥೆ ಶುರುವಾಗೋದು ನಮ್ಮ ಬೆಂಗಳೂರಿನ ಉತ್ತರ ತುದಿಯಲ್ಲಿ. ಹೆಬ್ಬಾಳ ಫ್ಲೈಓವರ್ ಇಳಿದು, ಯಲಹಂಕ ದಾಟಿ, ಬಳ್ಳಾರಿ ರಸ್ತೆಯಲ್ಲಿ ಹಾಗೇ ಮುಂದೆ ಹೋದರೆ ಸಿಗುತ್ತಲ್ಲ, ಕೆಂಪೇಗೌಡ ವಿಮಾನ ನಿಲ್ದಾಣ, ಅಲ್ಲಿ.

2023ರ ಸೆಪ್ಟೆಂಬರ್ 6ರ ರಾತ್ರಿ. ಬ್ಯಾಂಕಾಕ್‌ನಿಂದ ಬಂದ ವಿಮಾನದವರೆಲ್ಲ ಮನೆಗೆ ಹೋದರು. ಒಂದಿಷ್ಟು ಲಗೇಜು ಮಾತ್ರ ಯಾರೂ ತಗೊಳ್ಳದೆ ಉಳಿದುಬಿಟ್ಟಿತ್ತು. ಕಸ್ಟಮ್ಸ್‌ನವರು ತೆಗೆದು ನೋಡಿದರೆ ಒಳಗೆ 78 ಪ್ರಾಣಿಗಳು. 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕಪುಚಿನ್ ಕೋತಿ. ಹಾವುಗಳು ಬದುಕಿದ್ದವು. ಆರೂ ಕೋತಿಗಳು ಸತ್ತಿದ್ದವು.

ಈ ಸುದ್ದಿಯ ಜೊತೆ ಒಂದು ಸಣ್ಣ ವಿವರ ಬಂತು. ಆ 55 ಬಾಲ್ ಪೈಥಾನ್‌ಗಳು ಬೇರೆ ಬೇರೆ ಬಣ್ಣದ ‘ಮಾರ್ಫ್’ಗಳು ಅಂತ. ತುಂಬಾ ಜನ ಇದನ್ನ ಓದಿ ಮುಂದೆ ಹೋದರು. ಆದರೆ ಇಡೀ ಕಥೆ ಇರೋದೇ ಆ ಪದದಲ್ಲಿ. ಹಾವು ಒಂದೇ ಜಾತಿ, ಬಣ್ಣ ಬೇರೆ. ಬಣ್ಣ ಬೇರೆ ಆದ ತಕ್ಷಣ ಬೆಲೆನೂ ಬೇರೆ. ಯಾಕೆ? ಯಾರು ಮಾಡಿದ ಲೆಕ್ಕ ಇದು?

ಮೊದಲು ಹಾವಿನ ಪರಿಚಯ. ಬಾಲ್ ಪೈಥಾನ್ ಅಂದರೆ ಪಶ್ಚಿಮ ಆಫ್ರಿಕಾ ಕಡೆಯ ಒಂದು ಪುಟ್ಟ ಹೆಬ್ಬಾವು. ಘಾನಾ, ಟೋಗೋ, ಬೆನಿನ್ ಇದರ ಸೀಮೆ. ವಿಷ ಇಲ್ಲ. ಹೆದರಿದರೆ ತಲೆ ಒಳಗಿಟ್ಟು ಚೆಂಡಿನ ಥರ ಸುತ್ತಿಕೊಳ್ಳುತ್ತೆ, ಅದಕ್ಕೇ ಆ ಹೆಸರು. ಅಲ್ಲಿನ ಹಳ್ಳಿಗರು ಮೊಟ್ಟೆ ಇಡೋ ಹೆಣ್ಣು ಹಾವನ್ನ ಹಿಡಿದು, ಮೊಟ್ಟೆ ಒಡೆಸಿ, ಮರಿಗಳನ್ನ ಅಮೆರಿಕ, ಯೂರೋಪಿಗೆ ಕಳಿಸ್ತಿದ್ದರು. ಕಂದು-ಕಪ್ಪು ಬಣ್ಣದ ಆ ಸಾಮಾನ್ಯ ಹಾವು ಅಲ್ಲಿನ ಅಂಗಡಿಗಳಲ್ಲಿ ಅಗ್ಗದ ಮಾಲು.

1992ರಲ್ಲಿ ಲೆಕ್ಕ ಬದಲಾಯಿತು. ಬಾಬ್ ಕ್ಲಾರ್ಕ್ ಅನ್ನೋ ಅಮೆರಿಕದ ಹಾವು ಸಾಕಣೆಗಾರ ಅಲ್ಬಿನೋ ಬಾಲ್ ಪೈಥಾನ್ ಮರಿಗಳನ್ನ ಹುಟ್ಟಿಸಿದರು. ಕಪ್ಪು ಬಣ್ಣವೇ ಇಲ್ಲದ, ಹಳದಿ-ಬಿಳಿ ಹಾವು. ಅಪರೂಪಕ್ಕೆ ಕಾಡಲ್ಲಿ ಸಿಗ್ತಿದ್ದದ್ದು ಈಗ ಮನೆಯಲ್ಲೇ ಹುಟ್ಟಿತು. ಒಂದೊಂದು ಮರಿಗೆ ಸಾವಿರಾರು ಡಾಲರ್ ಬೆಲೆ. 1997ರಲ್ಲಿ ಪೀಟ್ ಕಾಲ್ ‘ಪೈಬಾಲ್ಡ್’ ತಂದರು. ಮೈಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ. 1999ರಲ್ಲಿ ‘ಸ್ಪೈಡರ್’ ಬಂತು. ಆಮೇಲೆ ಒಂದರ ಹಿಂದೆ ಒಂದು.

ಈಗ ಬೆಲೆ ಹೇಗೆ ಕಟ್ತಾರೆ ನೋಡೋಣ. ಸ್ವಲ್ಪ ಬಯಾಲಜಿ ಇದೆ, ಪಿಯುಸಿಯಲ್ಲಿ ಓದಿದ ಮೆಂಡಲ್‌ನ ಬಟಾಣಿ ಗಿಡ ನೆನಪಿಸಿಕೊಳ್ಳಿ ಸಾಕು.

ಅಲ್ಬಿನೋ ಹಾವನ್ನ ಸಾಮಾನ್ಯ ಹಾವಿನ ಜೊತೆ ಬಿಟ್ಟರೆ ಮರಿಗಳೆಲ್ಲ ಸಾಮಾನ್ಯವಾಗೇ ಕಾಣುತ್ತವೆ. ಆದರೆ ಒಳಗೆ ಅಲ್ಬಿನೋ ಗುಣದ ಒಂದು ಪ್ರತಿ ಇರುತ್ತೆ. ಇವಕ್ಕೆ ವ್ಯಾಪಾರದಲ್ಲಿ ‘ಹೆಟ್’ ಅಂತಾರೆ. ಎರಡು ಹೆಟ್ ಹಾವು ಸೇರಿದರೆ ನಾಲ್ಕರಲ್ಲಿ ಒಂದು ಮರಿ ಅಲ್ಬಿನೋ ಆಗೋ ಸಾಧ್ಯತೆ. ಉಳಿದ ಮೂರು ನೋಡೋಕೆ ಒಂದೇ ಥರ. ಆ ಮೂರರಲ್ಲಿ ಎರಡು ಹೆಟ್, ಒಂದು ಖಾಲಿ. ಯಾವುದು ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ. ಹಾಗಾಗಿ ಆ ಮೂರನ್ನೂ ‘66 ಪರ್ಸೆಂಟ್ ಹೆಟ್’ ಅಂತ ಮಾರ್ತಾರೆ! ಅಂದರೆ ಸಾಮಾನ್ಯ ಹಾವಿಗೆ ಒಂದು ರೇಟು, ಅನುಮಾನದ ಹೆಟ್‌ಗೆ ಅದಕ್ಕಿಂತ ಜಾಸ್ತಿ, ಖಾತ್ರಿ ಹೆಟ್‌ಗೆ ಇನ್ನೂ ಜಾಸ್ತಿ, ಅಲ್ಬಿನೋಗೆ ಎಲ್ಲಕ್ಕಿಂತ ಜಾಸ್ತಿ. ಇಲ್ಲಿ ಮಾರಾಟ ಆಗ್ತಿರೋದು ಬರೀ ಹಾವಲ್ಲ, ಲಾಟರಿ ಟಿಕೆಟ್ಟು.

ಇದಕ್ಕೆ ಸಮಯ ಸೇರಿಸಿ. ಹೆಣ್ಣು ಮರಿ ಬೆಳೆದು ಮೊಟ್ಟೆ ಇಡೋಕೆ ಸುಮಾರು ಮೂರು ವರ್ಷ ಬೇಕು. ಇಡೋದು ಸಾಮಾನ್ಯವಾಗಿ ಒಂದು ಸಲಕ್ಕೆ ಆರೇಳು ಮೊಟ್ಟೆ. ಗಂಡು ಬೇಗ ಬಲಿಯುತ್ತೆ, ಒಂದೇ ಗಂಡು ಹಲವು ಹೆಣ್ಣಿಗೆ ಸಾಕು. ಅದಕ್ಕೇ ಹೆಣ್ಣಿಗೆ ಬೆಲೆ ಜಾಸ್ತಿ. ಎರಡು-ಮೂರು ಮಾರ್ಫ್ ಒಂದೇ ಹಾವಲ್ಲಿ ಬೇಕು ಅಂದರೆ ಇನ್ನೊಂದಿಷ್ಟು ತಲೆಮಾರು ಕಾಯಬೇಕು. ಒಟ್ಟಿನಲ್ಲಿ ಬೆಲೆ ನಿಲ್ಲೋದು ಮೂರು ಪ್ರಶ್ನೆ ಮೇಲೆ: ಇಂಥದ್ದು ಎಷ್ಟಿವೆ? ಇನ್ನೊಂದು ಹುಟ್ಟಿಸೋಕೆ ಎಷ್ಟು ವರ್ಷ? ಅದನ್ನ ಹುಟ್ಟಿಸಬಲ್ಲವರು ಎಷ್ಟು ಜನ?

ಮೂರನೇ ಪ್ರಶ್ನೆಯಲ್ಲೇ ಎಡವಟ್ಟಾಗಿದ್ದು. ದುಬಾರಿ ಹಾವು ಕೊಂಡವರು ಸುಮ್ಮನೆ ನೋಡ್ತಾ ಕೂರಲ್ಲ, ಹಾಕಿದ ದುಡ್ಡು ವಾಪಸ್ ಬರಲಿ ಅಂತ ಅವರೂ ಮರಿ ಮಾಡಿಸ್ತಾರೆ. ಇವತ್ತಿನ ಗಿರಾಕಿಯೇ ನಾಲ್ಕು ವರ್ಷದ ನಂತರ ಎದುರು ಅಂಗಡಿಯವನು. ಮಾಲು ಜಾಸ್ತಿ ಆಯ್ತು, ಬೆಲೆ ಬಿತ್ತು. ಒಂದು ಕಾಲದಲ್ಲಿ ಸಾವಿರಾರು ಡಾಲರ್ ಇದ್ದ ಅಲ್ಬಿನೋ ಈಗ ಅಮೆರಿಕದಲ್ಲಿ ನೂರಿನ್ನೂರು ಡಾಲರ್ ಆಸುಪಾಸಲ್ಲಿ ಸಿಗುತ್ತೆ. ಬೆಲೆ ಉಳಿಸಿಕೊಳ್ಳಬೇಕು ಅಂದರೆ ಹೊಸ ಬಣ್ಣ ಬೇಕು. ಸ್ಪೈಡರ್ ಮಾರ್ಫ್ ಹಾವುಗಳಿಗೆ ನರದ ತೊಂದರೆ ಇದೆ, ತಲೆ ಓಲಾಡುತ್ತೆ, ಕೆಲವು ಆಹಾರಕ್ಕೆ ಬಾಯಿ ಹಾಕಿದರೂ ಗುರಿ ತಪ್ಪುತ್ತೆ. ಆದರೂ ವರ್ಷಗಟ್ಟಲೆ ಅದು ಜೋರಾಗಿ ಮಾರಾಟ ಆಯ್ತು. ಬೆಲೆಯಲ್ಲಿ ಚರ್ಮದ ಚಿತ್ತಾರಕ್ಕೆ ಜಾಗ ಇತ್ತು, ಹಾವಿನ ಕಷ್ಟಕ್ಕೆ ಇರಲಿಲ್ಲ.

ಸರಿ, ಈ ಹಾವು ಬೆಂಗಳೂರಿಗೆ ಯಾಕೆ ಬರುತ್ತೆ? ಇಲ್ಲಿ ಕಥೆಗೆ ಕಾನೂನು ಸೇರುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನೆಲದ ಪ್ರಾಣಿಗಳನ್ನ ಕಾಪಾಡೋಕೆ ಬಂದದ್ದು. ನಾಗರಹಾವು, ನಮ್ಮ ಹೆಬ್ಬಾವು ಮನೆಯಲ್ಲಿ ಇಟ್ಟುಕೊಂಡರೆ ಅಪರಾಧ. ಆದರೆ ಆಫ್ರಿಕಾದ ಬಾಲ್ ಪೈಥಾನ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಗಡಿಯಲ್ಲಿ ಸಿಕ್ಕಿಬಿದ್ದರೆ ಕಸ್ಟಮ್ಸ್ ಕೇಸು. ಕಣ್ತಪ್ಪಿಸಿ ಊರೊಳಗೆ ಬಂದರೆ ‘ಇದು ಇಲ್ಲೇ ಹುಟ್ಟಿದ್ದು’ ಅನ್ನಬಹುದಿತ್ತು. ಹೀಗೆ ಬೇರೆ ದೇಶದಲ್ಲಿ ಅಗ್ಗ ಆದ ಬಣ್ಣ ಇಲ್ಲಿ ಮತ್ತೆ ‘ಅಪರೂಪ’ ಆಯ್ತು. ಅಲ್ಲಿ ತಳಿಶಾಸ್ತ್ರ ಬೆಲೆ ಕಟ್ಟಿತ್ತು, ಇಲ್ಲಿ ಬೆಲೆ ಕಟ್ಟಿದ್ದು ಸೂಟ್‌ಕೇಸು. ದಾರಿಯಲ್ಲಿ ಸಾಯೋ ಪ್ರಾಣಿಗಳ ಲೆಕ್ಕವೂ ಬದುಕಿದವುಗಳ ಬೆಲೆಯೊಳಗೇ ಸೇರಿಕೊಂಡಿರುತ್ತೆ. 2023ರ ಆಗಸ್ಟ್‌ನಲ್ಲಿ ಇದೇ ನಿಲ್ದಾಣದಲ್ಲಿ 234 ಪ್ರಾಣಿಗಳು ಸಿಕ್ಕವು, ಅದರಲ್ಲಿದ್ದ ಕಾಂಗರೂ ಮರಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡ ಸಿಕ್ಕವು.

ಈಗ ಆ ಸಂದು ಮುಚ್ಚಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ವಿದೇಶಿ ಪ್ರಾಣಿ ಇದ್ದವರು ಸ್ವಯಂ ಘೋಷಣೆ ಮಾಡಿ ಅಂತ ಹೇಳಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಪಟ್ಟಿಯಲ್ಲಿರೋ ಪ್ರಾಣಿಗಳೂ ಕಾಯ್ದೆಯೊಳಗೆ ಬಂದವು. ಬಾಲ್ ಪೈಥಾನ್ ಕೂಡ. 2024ರ ಫೆಬ್ರವರಿ ಕೊನೆಗೆ ನಿಯಮ ಬಂತು: ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಸತ್ತರೆ, ಇನ್ನೊಬ್ಬರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಅಂದರೆ ಬೆಲೆಯ ಲೆಕ್ಕಕ್ಕೆ ನಾಲ್ಕನೇ ಪ್ರಶ್ನೆ ಸೇರಿತು: ಕಾಗದ ಇದೆಯಾ?

ಬರೀ ವಿದೇಶಿ ಹಾವಿಗೆ ಬೈದು ಸುಮ್ಮನಾಗೋ ಹಾಗಿಲ್ಲ. ನಮ್ಮ ಮಣ್ಣುಮುಕ್ಕ ಹಾವನ್ನ ನೋಡಿ, ಜನ ‘ಎರಡು ತಲೆ ಹಾವು’ ಅಂತಾರಲ್ಲ, ಅದೇ. ಬಾಲ ಮೊಂಡು, ತಲೆ ಥರ ಕಾಣುತ್ತೆ, ಅಷ್ಟೇ. ವಿಷ ಇಲ್ಲ, ಹೊಲದ ಇಲಿ ತಿನ್ನೋ ಪಾಪದ ಹಾವು. ಅದು ಇದ್ದರೆ ನಿಧಿ ಸಿಗುತ್ತೆ, ಅದೃಷ್ಟ ಖುಲಾಯಿಸುತ್ತೆ ಅಂತ ನಂಬಿಸಿ ಲಕ್ಷ, ಕೋಟಿ ಹೇಳ್ತಾರೆ. ತೂಕದ ಮೇಲೆ ರೇಟು! ಬೆಂಗಳೂರು ಪೊಲೀಸರು ಇಂಥ ಮಾರಾಟಗಾರರನ್ನ ಎಷ್ಟೋ ಸಲ ಹಿಡಿದಿದ್ದಾರೆ. ಅಮೆರಿಕದ ಸಾಕಣೆಗಾರನ ಬೆಲೆಗೆ ಕೊನೇಪಕ್ಷ ಮೆಂಡಲ್‌ನ ಲೆಕ್ಕ ಇತ್ತು, ಇದಕ್ಕೆ ಇರೋದು ಬರೀ ಟೋಪಿ.

ಕೊನೆಯದಾಗಿ, ಆ ಲಗೇಜಿನ ಹಾವುಗಳು ಏನಾದವು? ಬದುಕಿದ್ದವನ್ನ ಬಂದ ದೇಶಕ್ಕೇ ವಾಪಸ್ ಕಳಿಸೋ ವ್ಯವಸ್ಥೆ ಆಯ್ತು. ಬಾಲ್ ಪೈಥಾನ್‌ಗೆ ಬ್ಯಾಂಕಾಕೂ ತವರಲ್ಲ, ಬೆಂಗಳೂರೂ ಅಲ್ಲ. ಬಿಳಿ-ಹಳದಿ ಬಣ್ಣದ ಮಾರ್ಫ್‌ನ ಆಫ್ರಿಕಾದ ಕಾಡಿಗೆ ಬಿಟ್ಟರೂ ಅಡಗಿಕೊಳ್ಳೋಕೆ ಬಣ್ಣ ಇಲ್ಲ. ಇನ್ನು ಕಾಳಿಂಗ ವಿಷಯ. ಅದು ನಮ್ಮ ಆಗುಂಬೆಯಲ್ಲೇ ಇದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ ಗುರುತಿಸಿ, ನಮ್ಮ ಕನ್ನಡದ ಹೆಸರನ್ನೇ ಇಟ್ಟರು, ‘ಓಫಿಯೋಫೇಗಸ್ ಕಾಳಿಂಗ’. ಆ ಹಾವು ಇರೋ ರಾಜ್ಯಕ್ಕೆ ಹದಿನೇಳು ಕಾಳಿಂಗಗಳನ್ನ ಲಗೇಜಲ್ಲಿ ತುಂಬಿ ತಂದಿದ್ದರು.

ನಾಳೆ ನಿಮ್ಮ ಫೋನಿಗೆ ‘ಬೇಬಿ ಪೈಥಾನ್, ಅರ್ಧ ರೇಟು’ ಅಂತ ಮೆಸೇಜ್ ಬಂದರೆ ರೇಟು ಯಾಕೆ ಅರ್ಧ ಆಯ್ತು ಅಂತ ಒಂದು ಕ್ಷಣ ಯೋಚನೆ ಮಾಡಿ. ಉಳಿದರ್ಧ ಯಾರೋ ಕೊಟ್ಟಿರ್ತಾರೆ. ಆ ರಾತ್ರಿ ಕೊಟ್ಟಿದ್ದು ಆರು ಕೋತಿಗಳು.