ವರಲಕ್ಷ್ಮಿ ಹತ್ತಿಯ ತಂದೆತಾಯಿ: ಪ್ರೋಟೀನ್ ಪಟ್ಟೆಗಳು ಹೇಳುವುದೆಷ್ಟು?

1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯ ತಾಯಿ ಹಿರ್ಸುಟಂ ಪ್ರಭೇದದ ‘ಲಕ್ಷ್ಮಿ’. ತಂದೆ ಬಾರ್ಬಡೆನ್ಸ್ ಪ್ರಭೇದದ ‘ಎಸ್‌ಬಿ 289ಇ’. ಬಿ.ಎಚ್. ಕಟರ್ಕಿಯವರು ರೂಪಿಸಿದ ಈ ಹೈಬ್ರಿಡ್‌ನ ಬೀಜೋತ್ಪಾದನೆ ಪೂರ್ತಿ ಕೈಕೆಲಸ. ಸಂಜೆ ತಾಯಿಗಿಡದ ಮೊಗ್ಗಿನಿಂದ ಪರಾಗಕೋಶಗಳನ್ನು ತೆಗೆದು, ಮರುದಿನ ಬೆಳಿಗ್ಗೆ ತಂದೆಗಿಡದ ಪರಾಗ ಸವರಬೇಕು. ಒಂದೆರಡು ಕೋಶ ಉಳಿದರೂ ಅಪ್ಪಟ ಲಕ್ಷ್ಮಿಯ ಬೀಜ ಕಟ್ಟಬಹುದು. ಬೀಜದ ಸಿಪ್ಪೆ ತಾಯಿಯ ಅಂಗಾಂಶವೇ ಆದ್ದರಿಂದ ಹೊರನೋಟಕ್ಕೆ ಎರಡೂ ಒಂದೇ. ಹೊಲದಲ್ಲಿ ಬೆಳೆದು ನೋಡಲು ಒಂದು ಹಂಗಾಮು ಬೇಕು. ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಜೆಲ್‌ನಲ್ಲಿ ಓಡಿಸಿ ಪಟ್ಟೆಗಳಾಗಿ ಬೇರ್ಪಡಿಸುವ ಎಲೆಕ್ಟ್ರೋಫೊರೆಸಿಸ್‌ಗೆ ಕೆಲವೇ ದಿನ ಸಾಕು.

ಈ ವಿಧಾನಕ್ಕೆ ಬುನಾದಿ ಒದಗಿಸಿದ ಬೆಳೆ ಮೆಕ್ಕೆಜೋಳ. 1960ರಲ್ಲಿ ಡ್ರೂ ಶ್ವಾರ್ಟ್ಜ್ ಅದರ ಎಸ್ಟರೇಸ್ ಕಿಣ್ವವನ್ನು ಪರೀಕ್ಷಿಸಿದಾಗ, ಹೈಬ್ರಿಡ್‌ನಲ್ಲಿ ತಾಯಿ-ತಂದೆಯರ ಪಟ್ಟೆಗಳ ನಡುವೆ ಇಬ್ಬರಲ್ಲೂ ಇಲ್ಲದ ಮೂರನೆಯ ಪಟ್ಟೆ ಕಂಡಿತು. ಕಿಣ್ವದ ಒಂದು ಉಪಘಟಕ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದು ಒಂದೇ ಜೀವಕೋಶದಲ್ಲಿ ಜೋಡಿಯಾದಾಗ ಮೂಡುವ ಪಟ್ಟೆ ಅದು.

ನಡುಪಟ್ಟೆ ಕಂಡರೆ ಹೈಬ್ರಿಡ್ ಎಂಬ ಸೂತ್ರವನ್ನು ಹತ್ತಿಗೆ ಹಾಗೆಯೇ ಅನ್ವಯಿಸುವುದನ್ನು ನಾನು ಒಪ್ಪಲಾರೆ. ಹಿರ್ಸುಟಂ, ಬಾರ್ಬಡೆನ್ಸ್ ಎರಡೂ 52 ವರ್ಣತಂತುಗಳ ಚತುರ್ಗುಣಿತಗಳು. ಪ್ರಾಚೀನ ಸಂಕರವೊಂದರಿಂದ ಬಂದ ‘ಎ’ ಮತ್ತು ‘ಡಿ’ ಜೀನೋಮ್‌ಗಳು ಪ್ರತಿ ಗಿಡದಲ್ಲೂ ಇವೆ. ಆ ಎರಡರ ಉಪಘಟಕಗಳು ಪರಸ್ಪರ ಕೂಡಿದರೆ ಶುದ್ಧ ತಳಿಯಲ್ಲೇ ನಡುಪಟ್ಟೆ ಕಾಣಿಸುತ್ತದೆ. ಆದ್ದರಿಂದ ತಂದೆತಾಯಿಯರ ಸಾರವನ್ನು ಅದೇ ಜೆಲ್‌ನಲ್ಲಿ ಓಡಿಸಿ, ತಂದೆಯಲ್ಲಿ ಮಾತ್ರ ಇರುವ ಪಟ್ಟೆಯನ್ನು ಮೊದಲು ಗುರುತಿಸಬೇಕು. ಬೀಜದಲ್ಲಿ ಅದಿಲ್ಲದೆ ತಾಯಿಯ ಪಟ್ಟೆಗಳಷ್ಟೇ ಇದ್ದರೆ ಸ್ವಪರಾಗಸ್ಪರ್ಶದ ಶಂಕೆ. ಇಬ್ಬರ ಉಪಘಟಕಗಳು ಕೂಡಿ ಮೂಡುವ ನಡುಪಟ್ಟೆಯಲ್ಲದೆ, ಇಬ್ಬರಲ್ಲೂ ಇಲ್ಲದ ಬೇರೆ ಪಟ್ಟೆ ಬಂದರೆ ಹೊರಗಿನ ಪರಾಗದ ಶಂಕೆ. ಹತ್ತಿಬೀಜದ ಗಾಸಿಪಾಲ್ ಎಂಬ ವರ್ಣದ್ರವ್ಯ ಪ್ರೋಟೀನಿಗೆ ಅಂಟಿಕೊಂಡು ಪಟ್ಟೆಗಳನ್ನು ಮಸುಕಾಗಿಸಬಲ್ಲದು. ಅದನ್ನು ತೆಗೆಯದೆ ತೀರ್ಪು ಕೊಡಬಾರದು.

ತಾಯಿ ಯಾರೆಂಬುದು ಇನ್ನೂ ಕಠಿಣ ಪ್ರಶ್ನೆ. ಮೆಕ್ಕೆಜೋಳದ ಭ್ರೂಣಪೋಷದಲ್ಲಿ ತಾಯಿಯ ಪಾಲು ಎರಡು, ತಂದೆಯದು ಒಂದು. ಪಟ್ಟೆಯ ದಟ್ಟತೆಯಿಂದ ತಾಯಿಯನ್ನು ಊಹಿಸಬಹುದು. ಹತ್ತಿಬೀಜದ ತಿರುಳು ಬಹುಪಾಲು ಬೀಜದಳ, ಅಲ್ಲಿ ಇಬ್ಬರದೂ ಸಮಪಾಲು. ತಂಬಾಕಿನಲ್ಲಿ 1974ರಲ್ಲಿ ರುಬಿಸ್ಕೋ ಕಿಣ್ವದ ದೊಡ್ಡ ಉಪಘಟಕ ನೆರವಾಯಿತು: ಕ್ಲೋರೋಪ್ಲಾಸ್ಟ್‌ನ ಮೂಲಕ ತಾಯಿಯಿಂದಷ್ಟೇ ಬರುವ ಅದು ನಿಕೋಟಿಯಾನಾ ಸಿಲ್ವೆಸ್ಟ್ರಿಸ್ ತಾಯಿಯೆಂದು ತೋರಿಸಿತು. ವರಲಕ್ಷ್ಮಿಯ ತಂದೆತಾಯಿಯರಲ್ಲಿ ಕೋಶದ್ರವ್ಯ ಒಂದೇ ‘ಎ’ ಮೂಲದ್ದು. ಈ ದಾರಿ ಇಲ್ಲಿ ಇಕ್ಕಟ್ಟು. ತಾಯಿಯನ್ನು ನಿಶ್ಚಯಿಸಲು ಬೀಜೋತ್ಪಾದನಾ ತಾಕಿನ ದಾಖಲೆಯನ್ನೇ ನೋಡಬೇಕು.

ಬೀಜಗಳನ್ನು ಒಟ್ಟಿಗೆ ಅರೆಯುವ ಸುಲಭ ಪದ್ಧತಿಗೆ ನನ್ನ ವಿರೋಧ ಖಚಿತ. ಒಂದಿಷ್ಟು ನಿಜವಾದ ಹೈಬ್ರಿಡ್ ಬೀಜಗಳಿದ್ದರೂ ತಂದೆಯ ಪಟ್ಟೆ ಮೂಡಿ, ಲಕ್ಷ್ಮಿಯ ಬೀಜಗಳು ಮರೆಯಾಗುತ್ತವೆ. ತಳಿಶುದ್ಧತೆಯನ್ನು ಶೇಕಡಾವಾರು ಹೇಳಬೇಕಾದರೆ ಒಂದೊಂದು ಬೀಜಕ್ಕೂ ಜೆಲ್‌ನಲ್ಲಿ ಪ್ರತ್ಯೇಕ ಸಾಲು ಬೇಕು.